ವಂಶದ ಕಾಯಿಲೆಗೂ ಚಿಕಿತ್ಸೆಯ ದಾರಿಗಳಿವೆ: ನಾಲ್ಕು ತಾಲ್ಲೂಕುಗಳ ಮಕ್ಕಳು ಕಲಿಸಿದ ಹತ್ತು ಪಾಠಗಳು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಮಕ್ಕಳನ್ನು ನೋಡುವುದೇ ನನ್ನ ವೃತ್ತಿ. ಕೆಮ್ಮು, ಜ್ವರ, ಭೇದಿಯ ಮಕ್ಕಳ ನಡುವೆ ಆಗಾಗ ಬೇರೆ ಥರದ ಮಗುವೊಂದು ಬರುತ್ತದೆ. ಅದರ ಕುತ್ತಿಗೆ ನಿಂತಿರುವುದಿಲ್ಲ, ಅಥವಾ ಫಿಟ್ಸ್ ಯಾವ ಔಷಧಕ್ಕೂ ಬಗ್ಗಿರುವುದಿಲ್ಲ, ಅಥವಾ ಅದರ ಬೆನ್ನಿಗೆ ಹುಟ್ಟಿದ ತಮ್ಮನಿಗೂ ಅದೇ ತೊಂದರೆ ಶುರುವಾಗಿರುತ್ತದೆ. ತಂದೆತಾಯಿ ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಸುತ್ತಿ, ಕೈಚೀಲದ ತುಂಬ ಚೀಟಿ ತುಂಬಿಕೊಂಡು ಬಂದಿರುತ್ತಾರೆ. "ಇದು ವಂಶದಾಗಿಂದು, ಏನೂ ಆಗೂದಿಲ್ಲ ಅಂದ್ರು" ಎನ್ನುತ್ತಾರೆ.

ಈ ಮಾತು ಎಷ್ಟೋ ಮಕ್ಕಳ ಮಟ್ಟಿಗೆ ಸುಳ್ಳು. ವಂಶವಾಹಿಯಿಂದ ಬರುವ ನರ ಮತ್ತು ಚಯಾಪಚಯ (ದೇಹ ಆಹಾರವನ್ನು ಬಳಸಿಕೊಳ್ಳುವ ಕ್ರಿಯೆಯ) ಕಾಯಿಲೆಗಳಲ್ಲಿ ಕೆಲವಕ್ಕೆ ಒಂದು ಗುಳಿಗೆಯೇ ಸಾಕು, ಕೆಲವಕ್ಕೆ ಆಹಾರವೇ ಔಷಧ. ಪೂರ್ತಿ ವಾಸಿಯಾಗದ ಕಾಯಿಲೆಗಳಲ್ಲೂ ಮಗುವಿನ ನೋವು, ಫಿಟ್ಸ್, ಹಸಿವು, ನಿದ್ದೆಗೆ ಮಾಡಬಹುದಾದದ್ದು ಬಹಳ. ಅದರ ಹೆಚ್ಚಿನ ಪಾಲು ನಡೆಯುವುದು ಮನೆಯಲ್ಲಿ ಮತ್ತು ತಾಲ್ಲೂಕು ಆಸ್ಪತ್ರೆಯಲ್ಲಿ. ಈ ಕೆಲಸ ನನಗೆ ಕಲಿಸಿದ್ದನ್ನು ವೈದ್ಯ ಮಿತ್ರರಿಗೆ, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ, ಎಲ್ಲಕ್ಕಿಂತ ಮೊದಲು ತಂದೆತಾಯಿಯರಿಗೆ ಉಪಯೋಗವಾಗಲೆಂದು ಬರೆದಿದ್ದೇನೆ.

1. ಮೊದಲು ಹುಡುಕಬೇಕಾದದ್ದು ವಾಸಿಯಾಗುವ ಕಾಯಿಲೆಯನ್ನು

ಅಪರೂಪದ ಕಾಯಿಲೆಗಳ ಪಟ್ಟಿ ಸಾವಿರಗಟ್ಟಲೆ ಉದ್ದವಿದೆ. ಮಗು ಎದುರಿಗೆ ಬಂದಾಗ ಆ ಪಟ್ಟಿಯನ್ನು ಚಿಕಿತ್ಸೆ ಇರುವ ಕಾಯಿಲೆಗಳಿಂದ ಓದಲು ಶುರುಮಾಡಬೇಕು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಕೂಸಿಗೆ ಮೊದಲ ಎರಡು ವಾರದೊಳಗೆ ಥೈರಾಕ್ಸಿನ್ ಶುರುವಾದರೆ ಅದು ಉಳಿದ ಮಕ್ಕಳಂತೆಯೇ ಶಾಲೆಗೆ ಹೋಗುತ್ತದೆ. ತಿಂಗಳುಗಟ್ಟಲೆ ತಡವಾದರೆ ಹೋದ ಬುದ್ಧಿಶಕ್ತಿ ಮರಳಿ ಬರುವುದಿಲ್ಲ. ಕೂದಲು ಉದುರಿ, ಚರ್ಮದ ಮೇಲೆ ಕೆಂಪು ಗಂಧೆ ಎದ್ದು, ಫಿಟ್ಸ್ ಬರುತ್ತಿರುವ ಮಗುವಿನಲ್ಲಿ ಬಯೋಟಿನಿಡೇಸ್ ಕೊರತೆ ಇರಬಹುದು. ಅದಕ್ಕೆ ಬೇಕಾದದ್ದು ದಿನಕ್ಕೆ 5ರಿಂದ 10 ಮಿಲಿಗ್ರಾಂ ಬಯೋಟಿನ್, ಅಷ್ಟೇ. ಯಾವ ಔಷಧಕ್ಕೂ ನಿಲ್ಲದ ಎಳೆಗೂಸಿನ ಫಿಟ್ಸ್ ಪಿರಿಡಾಕ್ಸಿನ್ ಎಂಬ ಬಿ6 ಜೀವಸತ್ವಕ್ಕೆ ನಿಂತದ್ದುಂಟು. ಇದನ್ನು ಮೊದಲ ಸಲ ಕೊಡುವಾಗ ಉಸಿರಾಟದ ಮೇಲೆ ಕಣ್ಣಿಡಬೇಕು, ಆದ್ದರಿಂದ ಆಸ್ಪತ್ರೆಯಲ್ಲೇ ಕೊಡಬೇಕು.

ವಂಶದ ಕಾಯಿಲೆಯಂತೆ ಕಾಣುವ ಕೊರತೆಗಳೂ ಇವೆ. ತಾಯಿಯಲ್ಲಿ ಬಿ12 ಕಡಿಮೆಯಿದ್ದು, ವರ್ಷದ ಹತ್ತಿರ ಬಂದರೂ ಬರೀ ಎದೆಹಾಲಿನಲ್ಲೇ ಇರುವ ಕೂಸು ಮಂಕಾಗುತ್ತದೆ. ಕೂದಲು ಕೆಂಚಾಗಿ ವಿರಳವಾಗುತ್ತದೆ, ಕೈಬೆರಳ ಗೆಣ್ಣು ಕಪ್ಪಾಗುತ್ತದೆ, ಕೈಕಾಲು ನಡುಗುತ್ತವೆ, ನಗುವುದೇ ನಿಂತುಹೋಗುತ್ತದೆ. ಬಿ12 ಇಂಜೆಕ್ಷನ್ ಕೊಟ್ಟ ಕೆಲವೇ ದಿನಗಳಲ್ಲಿ ಅದು ಮತ್ತೆ ಮುಖ ನೋಡಿ ನಗುತ್ತದೆ. ಬಾಣಂತಿಗೆ ತರಕಾರಿ, ಬೇಳೆ ಬಿಡಿಸಿ ಬರೀ ಬಿಳಿ ಅನ್ನ ಹಾಕುವ ಮನೆಗಳಲ್ಲಿ ಥಯಮಿನ್ ಅಂದರೆ ಬಿ1 ಕೊರತೆಯೂ ಉಂಟಾಗುತ್ತದೆ. ಹಾಲು ಕುಡಿಯುವ ಕೂಸು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತದೆ, ಅತ್ತರೂ ಧ್ವನಿ ಬರುವುದಿಲ್ಲ, ಹೃದಯ ಸೋಲುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇಂಥ ಕೂಸುಗಳು ಥಯಮಿನ್ ಇಂಜೆಕ್ಷನ್‌ನಿಂದ ಚೇತರಿಸಿಕೊಂಡದ್ದನ್ನು ದಾಖಲಿಸಿದ್ದಾರೆ. ಇವೆಲ್ಲ ಅಗ್ಗದ ಔಷಧಗಳು. ತಜ್ಞರ ಹತ್ತಿರ ಕಳಿಸುವ ಮುನ್ನ ಇವನ್ನು ನೆನೆಯದಿದ್ದರೆ ಆ ಮಗುವಿನ ಅಮೂಲ್ಯ ದಿನಗಳು ಬಸ್ಸಿನಲ್ಲಿ ಕಳೆಯುತ್ತವೆ.

2. ಬಂದ ಕಲೆ ಮರೆತುಹೋದರೆ ಒಂದು ದಿನವೂ ಕಾಯಬಾರದು

ತಡವಾಗಿ ಕೂರುವುದು ಬೇರೆ, ಕೂರುತ್ತಿದ್ದ ಮಗು ಕೂರದಂತಾಗುವುದು ಬೇರೆ. "ಮೊದ್ಲ ಛಲೋ ಕುಂದರತಿತ್ತರೀ, ಈಗ ಕುಂದರವಲ್ದು" ಎಂದು ತಾಯಿ ಹೇಳಿದರೆ ನಾನು ಉಳಿದ ಕೆಲಸ ಬದಿಗಿಟ್ಟು ಆ ಮಗುವನ್ನು ನೋಡುತ್ತೇನೆ. ಹೆರಿಗೆಯಲ್ಲಿ ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಮಗು ನಿಧಾನವಾಗಿಯಾದರೂ ಮುಂದೆ ಹೋಗುತ್ತದೆ. ಹಿಂದೆ ಸರಿಯುವ ಮಗುವಿನಲ್ಲಿ ಬೇರೆ ಏನೋ ಕೆಲಸ ಮಾಡುತ್ತಿದೆ. ಜ್ವರ ಬಂದಾಗಲೆಲ್ಲ ಒಂದೊಂದು ಮೆಟ್ಟಿಲು ಕೆಳಗಿಳಿಯುವ ಮಗುವಿನಲ್ಲಿ ಚಯಾಪಚಯ ಕಾಯಿಲೆಯ ಸಂಶಯ ಇನ್ನೂ ಗಟ್ಟಿ.

ದೊಡ್ಡ ಮಕ್ಕಳಲ್ಲಿ ಇದು ಶಾಲೆಯಲ್ಲಿ ಗೊತ್ತಾಗುತ್ತದೆ. ದುಂಡಗೆ ಬರೆಯುತ್ತಿದ್ದ ಹುಡುಗಿಯ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ಸಿಟ್ಟು ಹೆಚ್ಚುತ್ತದೆ. ಮನೆಯವರು ದೇವರ ಕಾಟವೆಂದೋ ಹಟವೆಂದೋ ತಿಳಿಯುತ್ತಾರೆ. ಇದು ದೇಹದಲ್ಲಿ ತಾಮ್ರ ಸಂಗ್ರಹವಾಗುವ ವಿಲ್ಸನ್ ಕಾಯಿಲೆ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ನೋಡಿದ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು, ಆದ್ದರಿಂದ ನಮ್ಮ ನಾಡಿಗೆ ಇದು ಹೊಸತಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಕರಿಗುಡ್ಡೆಯ ಅಂಚಿನ ಕಂದು ಉಂಗುರ, ರಕ್ತದಲ್ಲಿ ಸೆರುಲೊಪ್ಲಾಸ್ಮಿನ್, 24 ತಾಸಿನ ಮೂತ್ರದಲ್ಲಿ ತಾಮ್ರ, ಇಷ್ಟರಿಂದ ದಾರಿ ಸಿಗುತ್ತದೆ. ಸತು ಮತ್ತು ಪೆನಿಸಿಲಮಿನ್ ಔಷಧಗಳನ್ನು ಜೀವನಪೂರ್ತಿ ತಪ್ಪದೆ ತೆಗೆದುಕೊಂಡವರು ಓದುತ್ತಾರೆ, ದುಡಿಯುತ್ತಾರೆ. ಗುಣವಾಯಿತೆಂದು ಔಷಧ ಬಿಟ್ಟವರು ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತಾರೆ. ಈ ಮನೆಗಳಲ್ಲಿ ತಾಮ್ರದ ಕೊಡದ ನೀರು ಬಿಡಬೇಕು, ಒಡಹುಟ್ಟಿದವರೆಲ್ಲರ ಪರೀಕ್ಷೆ ಆಗಬೇಕು.

3. ಮೂರನೇ ದಿನ ಮಂಕಾದ ಕೂಸಿಗೆ ನಂಜು ಒಂದೇ ಕಾರಣವಲ್ಲ

ಹುಟ್ಟಿದಾಗ ಚೆನ್ನಾಗಿ ಅತ್ತು, ಎರಡು ದಿನ ಹಾಲು ಕುಡಿದ ಕೂಸು ಆಮೇಲೆ ಹಾಲು ಬಿಟ್ಟು, ವಾಂತಿ ಮಾಡಿ, ಮಂಪರಿಗೆ ಜಾರುತ್ತದೆ. ನಾವು ನಂಜು ಎಂದು ಆಂಟಿಬಯೋಟಿಕ್ ಶುರುಮಾಡುತ್ತೇವೆ. ಅದು ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಬಾರದು. ತಾಯಿಯ ಗರ್ಭದಲ್ಲಿದ್ದಾಗ ಕೂಸಿನ ತ್ಯಾಜ್ಯವನ್ನು ತಾಯಿಯ ದೇಹವೇ ಹೊರಹಾಕುತ್ತಿರುತ್ತದೆ. ಹಾಲು ಕುಡಿಯತೊಡಗಿದ ಮೇಲೆ ಪ್ರೋಟೀನನ್ನು ಕೂಸು ತಾನೇ ಅರಗಿಸಬೇಕು. ಅದಕ್ಕೆ ಬೇಕಾದ ಕಿಣ್ವ ಇಲ್ಲದಿದ್ದರೆ ಅಮೋನಿಯ ಅಥವಾ ಆಮ್ಲ ರಕ್ತದಲ್ಲಿ ಏರುತ್ತದೆ. ಅದಕ್ಕೇ ಎರಡು ದಿನದ ಆ ಒಳ್ಳೆಯ ಸ್ಥಿತಿ.

ಇಂಥ ಕೂಸಿಗೆ ಗ್ಲೂಕೋಸ್, ಮೂತ್ರದ ಕೀಟೋನ್, ರಕ್ತದ ಆಮ್ಲದ ಮಟ್ಟ ನೋಡಬೇಕು. ನವಜಾತ ಕೂಸಿನ ಮೂತ್ರದಲ್ಲಿ ಕೀಟೋನ್ ಹೆಚ್ಚಾಗಿ ಕಂಡರೆ ಅದೊಂದೇ ದೊಡ್ಡ ಸುಳಿವು. ಸಂಶಯ ಬಂದ ಕೂಡಲೆ ಹಾಲನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 10 ಪರ್ಸೆಂಟ್ ಡೆಕ್ಸ್ಟ್ರೋಸ್ ಡ್ರಿಪ್ ಹಚ್ಚಿ, ಅಮೋನಿಯ ಪರೀಕ್ಷೆ ಇರುವ ಕಡೆಗೆ ಕಳಿಸಬೇಕು. ಆಶಾ ಕಾರ್ಯಕರ್ತೆಯರು ಮೂರನೇ ಮತ್ತು ಏಳನೇ ದಿನ ಮನೆಗೆ ಹೋಗುವ ಕ್ರಮವಿದೆ. ಈ ಕಾಯಿಲೆಗಳು ಹೊರಬೀಳುವ ಹೊತ್ತೂ ಅದೇ. "ಕೂಸು ಹಾಲು ಬಿಟ್ಟೈತಿ" ಎಂದು ಅವರು ಫೋನ್ ಮಾಡಿದರೆ ಅದನ್ನು ತುರ್ತು ಕರೆ ಎಂದೇ ತಿಳಿಯಬೇಕು.

ಇಲ್ಲೊಂದು ಎಚ್ಚರ. ಪ್ರೋಟೀನ್ ಅರಗದ ಇಂಥ ಕಾಯಿಲೆಗಳಲ್ಲೊಂದಾದ ಮೇಪಲ್ ಸಿರಪ್ ಕಾಯಿಲೆಯಲ್ಲಿ ಮೂತ್ರಕ್ಕೆ ಸುಟ್ಟ ಸಕ್ಕರೆ ಅಥವಾ ಮೆಂತ್ಯದಂಥ ವಾಸನೆ ಬರುತ್ತದೆ. ನಮ್ಮಲ್ಲಿ ಬಾಣಂತಿಗೆ ಮೆಂತ್ಯದುಂಡಿ ಕೊಡುವುದರಿಂದ ಆರೋಗ್ಯವಂತ ಕೂಸಿಗೂ ಅದೇ ವಾಸನೆ ಬರಬಹುದು. ಕೂಸು ಲವಲವಿಕೆಯಿಂದಿದ್ದರೆ ಅದು ಉಂಡಿಯ ವಾಸನೆ. ಮಂಕಾಗಿದ್ದರೆ ಉಂಡಿಯ ಮೇಲೆ ಹೊರಿಸದೆ ಪರೀಕ್ಷೆ ಮಾಡಿಸಬೇಕು.

4. ಮೂರು ತಲೆಮಾರಿನ ನಕ್ಷೆ ಅತ್ಯಂತ ಅಗ್ಗದ ಪರೀಕ್ಷೆ

ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದ್ದು ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮತ್ತು ಸಂಗಡಿಗರು ನಮ್ಮ ರಾಜ್ಯದ ನವಜಾತ ಶಿಶುಗಳ ರಕ್ತವನ್ನು ಅಮೈನೊ ಆಮ್ಲದ ಕಾಯಿಲೆಗಳಿಗಾಗಿ ತಪಾಸಿಸಿದರು. ದೇಶಕ್ಕೇ ದಾರಿ ತೋರಿದ ಕೆಲಸವದು. ಅಂಥ ತಪಾಸಣೆ ಇನ್ನೂ ನಮ್ಮ ಹಳ್ಳಿಯ ಪ್ರತಿ ಕೂಸಿಗೂ ಸಿಗುತ್ತಿಲ್ಲ, ಆದ್ದರಿಂದ ಮನೆತನದ ಮೂರು ತಲೆಮಾರನ್ನು ಕೇಳಿ ನಕ್ಷೆ ಬರೆಯಬೇಕು.

"ಸಂಬಂಧದಲ್ಲಿ ಮದುವೆಯೇ?" ಎಂದು ಕೇಳಿದರೆ "ಇಲ್ಲರೀ" ಎಂಬ ಉತ್ತರ ಬರುತ್ತದೆ, ಏಕೆಂದರೆ ಅತ್ತೆಯ ಮಗನನ್ನು ಮದುವೆಯಾಗುವುದು ಅವರಿಗೆ ಸಹಜ. "ನಿಮ್ಮ ಯಜಮಾನ್ರು ಮೊದಲು ನಿಮಗೆ ಏನಾಗಬೇಕಿತ್ತು?" ಎಂದು ಕೇಳಿದರೆ ಸೋದರಮಾವ, ಅತ್ತಿ ಮಗ ಎಂದು ಹೊರಬರುತ್ತದೆ. ಸಣ್ಣ ವಯಸ್ಸಿನಲ್ಲಿ ತೀರಿಹೋದ ಮಕ್ಕಳ ಬಗ್ಗೆಯೂ ಮೆಲ್ಲಗೆ ಕೇಳಬೇಕು. ಗಂಡುಮಕ್ಕಳಿಗಷ್ಟೇ ಬಂದಿದೆಯೇ, ತಾಯಿಯ ಅಣ್ಣತಮ್ಮಂದಿರಿಗೆ, ತಾಯಿಯ ಅಕ್ಕತಂಗಿಯರ ಗಂಡುಮಕ್ಕಳಿಗೆ ಇತ್ತೇ ಎಂದು ಬರೆದುಕೊಂಡರೆ ಕಾಯಿಲೆ ಹರಿಯುವ ದಾರಿ ಕಾಗದದ ಮೇಲೆ ಮೂಡುತ್ತದೆ.

ಮದುವೆಯ ಬಗ್ಗೆ ದೂಷಿಸುವ ಮಾತು ಬೇಡ. ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ, ಹೊರಗಿನ ಸಂಬಂಧದವರಿಗೂ ಈ ಕಾಯಿಲೆಗಳು ಬರುತ್ತವೆ. ಆದರೆ ಮನೆತನದಲ್ಲಿ ಒಂದು ಮಗುವಿಗೆ ಇಂಥ ಕಾಯಿಲೆ ಗೊತ್ತಾದ ಮೇಲೆ ಮತ್ತೆ ಅದೇ ಮನೆಯೊಳಗೆ ಹೆಣ್ಣು ತರುವ ಮುಂಚೆ ಪರೀಕ್ಷೆ ಮಾಡಿಸಿ ಎಂದು ಖಂಡಿತವಾಗಿ ಹೇಳಬೇಕು.

5. ಸರಿಯಾದ ಹೊತ್ತಿಗೆ ಸರಿಯಾದ ರಕ್ತ

ಕಾಯಿಲೆ ಜೋರಾಗಿರುವಾಗ ತೆಗೆದ ರಕ್ತ, ಮೂತ್ರ ಸತ್ಯ ಹೇಳುತ್ತವೆ. ಡ್ರಿಪ್ ಹತ್ತಿ ಮಗು ಚೇತರಿಸಿಕೊಂಡ ಮೇಲೆ ಎಷ್ಟೋ ವರದಿಗಳು ಸರಿಯಾಗಿಯೇ ಬರುತ್ತವೆ. ಆದ್ದರಿಂದ ಸಕ್ಕರೆ ಅಂಶ ಕುಸಿದ ಮಗುವಿಗೆ ಡ್ರಿಪ್ ಹಚ್ಚುವ ಸೂಜಿಯಿಂದಲೇ ಮೊದಲು ಸ್ವಲ್ಪ ರಕ್ತ ತೆಗೆದಿಡಬೇಕು, ಆಮೇಲಿನ ಮೊದಲ ಮೂತ್ರ ಹಿಡಿದಿಡಬೇಕು. ಇದರ ನೆಪದಲ್ಲಿ ಚಿಕಿತ್ಸೆ ಮಾತ್ರ ತಡವಾಗಕೂಡದು.

ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಸೋಸುಕಾಗದಕ್ಕೆ ಹಾಕುವ ವಿಧಾನವನ್ನು ಅಮೆರಿಕದ ರಾಬರ್ಟ್ ಗುತ್ರಿ 1960ರ ದಶಕದಲ್ಲಿ ರೂಢಿಗೆ ತಂದರು. ಕಾಗದದ ವೃತ್ತವನ್ನು ಕೈಯಿಂದ ಮುಟ್ಟದೆ, ಬಿಸಿಲಿಗೆ ಇಡದೆ, ನಾಲ್ಕು ತಾಸು ಅಡ್ಡವಾಗಿ ಒಣಗಿಸಿದರೆ ಅದು ಅಂಚೆಯಲ್ಲೂ ಹೋಗುತ್ತದೆ. ಹಿರೇಕೆರೂರಿನ ಮಗುವಿನ ರಕ್ತದ ಚುಕ್ಕೆ ಬೆಂಗಳೂರಿಗೆ ಹೋಗಿ ಪರೀಕ್ಷೆಯಾಗಲು ಮಗುವೇ ಹೋಗಬೇಕಾಗಿಲ್ಲ. ಅಮೋನಿಯದ ರಕ್ತ ಹಾಗಲ್ಲ. ಅದನ್ನು ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ಸುಳ್ಳು ಏರಿಕೆ ತೋರಿಸುತ್ತದೆ. ಅದಕ್ಕಾಗಿ ಮಗುವನ್ನೇ ದೊಡ್ಡ ಆಸ್ಪತ್ರೆಗೆ ಕಳಿಸುವುದು ಲೇಸು.

6. ಅಡುಗೆಮನೆಯೇ ಔಷಧದ ಅಂಗಡಿ

ಮೇಪಲ್ ಸಿರಪ್ ಕಾಯಿಲೆಯ ಮಗುವಿಗೆ ಲ್ಯೂಸಿನ್ ಎಂಬ ಅಮೈನೊ ಆಮ್ಲವೇ ವಿಷ. ನಮ್ಮ ಮನೆಗಳ ಮುಖ್ಯ ಊಟವಾದ ಜೋಳದಲ್ಲಿ ಲ್ಯೂಸಿನ್ ಹೆಚ್ಚು, ಗೋವಿನಜೋಳದಲ್ಲೂ ಹೆಚ್ಚು. ಶೇಂಗಾ ಹಿಂಡಿ, ಬೇಳೆ, ಹಾಲು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಬೇರೆ ಊರಿನ ಆಹಾರಪಟ್ಟಿಯನ್ನು ಹಾಗೇ ಕೈಗಿತ್ತರೆ ತಾಯಿ ಏನು ಮಾಡಿಯಾಳು? ಅನ್ನದ ಗಂಜಿ, ಸಾಬೂದಾನಿ, ಗೆಣಸು, ತುಪ್ಪ, ಬೆಲ್ಲ, ಹೀಗೆ ಪ್ರೋಟೀನ್ ಕಡಿಮೆಯಿದ್ದು ಶಕ್ತಿ ಕೊಡುವ ಮನೆಯ ಪದಾರ್ಥಗಳಿಂದ ಆಹಾರತಜ್ಞರು ಪಟ್ಟಿ ಮಾಡಬೇಕು, ತಾಯಿಯ ಎದುರು ಲೋಟ, ಚಮಚ ಇಟ್ಟು ಅಳತೆ ತೋರಿಸಬೇಕು. ಪ್ರೋಟೀನನ್ನು ಪೂರ್ತಿ ಬಿಡಿಸಿದರೂ ಅಪಾಯವೇ, ಏಕೆಂದರೆ ಆಗ ಮಗುವಿನ ಸ್ನಾಯುಗಳೇ ಕರಗಿ ಅದೇ ವಿಷ ಹೊರಬರುತ್ತದೆ. ವಿಶೇಷ ಹಾಲಿನಪುಡಿ ಬೇಕೇಬೇಕು, ಅದು ದುಬಾರಿ. ಇದನ್ನು ಸರ್ಕಾರವೇ ತಪ್ಪದೆ ಒದಗಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಗ್ಲೈಕೋಜನ್ ಶೇಖರಣೆಯ ಕಾಯಿಲೆಯಲ್ಲಿ ಮಗುವಿನ ಹೊಟ್ಟೆ ದೊಡ್ಡದು, ಕೆನ್ನೆ ಗೊಂಬೆಯಂತೆ ತುಂಬಿರುತ್ತದೆ, ಬೆಳಗಿನ ಜಾವ ಸಕ್ಕರೆ ಕುಸಿದು ಫಿಟ್ಸ್ ಬರುತ್ತದೆ. 1984ರಲ್ಲಿ ಇದಕ್ಕೆ ಸರಳ ಉಪಾಯ ಸಿಕ್ಕಿತು: ಬೇಯಿಸದ ಕಾರ್ನ್‌ಫ್ಲೋರ್, ಅಂದರೆ ಗೋವಿನಜೋಳದ ಪಿಷ್ಟ. ತಣ್ಣೀರಿನಲ್ಲಿ ಕದಡಿ ಕುಡಿಸಿದರೆ ಅದು ತಾಸುಗಟ್ಟಲೆ ನಿಧಾನವಾಗಿ ಕರಗಿ ರಕ್ತಕ್ಕೆ ಸಕ್ಕರೆ ಕೊಡುತ್ತಿರುತ್ತದೆ. ಬಿಸಿ ಮಾಡಿದರೆ ಆ ಗುಣ ಹೋಗುತ್ತದೆ. ಗಿರಣಿಯಲ್ಲಿ ಬೀಸಿದ ಹಿಟ್ಟು ಇದಕ್ಕೆ ಬದಲಿಯಲ್ಲ. ಗೋವಿನಜೋಳ ಬೆಳೆಯುವ ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಎಷ್ಟು, ಎಷ್ಟು ತಾಸಿಗೊಮ್ಮೆ, ಯಾವ ವಯಸ್ಸಿನಿಂದ ಎಂಬುದನ್ನು ತಜ್ಞರು ನಿರ್ಧರಿಸುತ್ತಾರೆ.

7. ಜ್ವರದ ದಿನಕ್ಕೆ ಮೊದಲೇ ಚೀಟಿ ಬರೆದಿಡಬೇಕು

ಚಯಾಪಚಯ ಕಾಯಿಲೆಯ ಮಕ್ಕಳು ಹದಗೆಡುವುದು ಸಾಮಾನ್ಯವಾಗಿ ಜ್ವರ, ವಾಂತಿ, ಉಪವಾಸದ ದಿನಗಳಲ್ಲಿ. ಅಂಥ ಪ್ರತಿ ಮಗುವಿಗೂ ಒಂದು ತುರ್ತು ಚೀಟಿ ಬೇಕು. ಕಾಯಿಲೆಯ ಹೆಸರು, ತೂಕ, ಕೊಡಬೇಕಾದ ಡ್ರಿಪ್, ಕೊಡಬಾರದ ಔಷಧ, ತಜ್ಞರ ಫೋನ್ ನಂಬರ್ ಅದರಲ್ಲಿರಲಿ. ಲ್ಯಾಮಿನೇಶನ್ ಮಾಡಿಸಿ ತಾಯಿ ಕಾರ್ಡಿನ ಜೊತೆಗಿಡಿ, ಫೋಟೊ ಮೊಬೈಲಿನಲ್ಲಿರಲಿ. ರಾತ್ರಿ ಎರಡಕ್ಕೆ ಹಾನಗಲ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿರುವ ಹೊಸ ವೈದ್ಯರಿಗೆ ಆ ಚೀಟಿಯೇ ತಜ್ಞ.

ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ದಿನವೂ ಅಪಾಯದ ದಿನವೇ. ಮಗು ಸಂಜೆ ಉಂಡು ಮಲಗಿದರೆ ಬೆಳಿಗ್ಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವತನಕ ಹೊಟ್ಟೆಗೆ ಏನೂ ಬೀಳುವುದಿಲ್ಲ. ಮೊಬೈಲಿನಲ್ಲಿ ಅಲಾರಾಂ ಇಟ್ಟು, ಎಬ್ಬಿಸಿ ಉಣಿಸಬೇಕು. ಗ್ಲೂಕೋಸ್ ಪುಡಿ ಜೊತೆಗಿರಬೇಕು. "ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಯಾರಾದರೂ ಹೇಳಿದರೆ ಕಾಯಿಲೆಯ ಹೆಸರು ತಿಳಿಸಿ ಮತ್ತೊಮ್ಮೆ ಕೇಳಬೇಕು.

8. ಫಿಟ್ಸ್ ಬಂದಾಗ ಮೊದಲ ಐದು ನಿಮಿಷ ಮನೆಯವರದು

ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಬರೆ ಹಾಕಿಸುವುದಂತೂ ಬೇಡವೇ ಬೇಡ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮಿಡಜೋಲಾಮ್ ಸ್ಪ್ರೇಯನ್ನು ಮೂಗಿಗೆ ಹೊಡೆದು 108ಕ್ಕೆ ಕರೆಮಾಡಿ. ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ಮಾತಿನ ವರ್ಣನೆಗಿಂತ ಆ ಅರ್ಧ ನಿಮಿಷದ ವಿಡಿಯೊ ತಜ್ಞರಿಗೆ ಹೆಚ್ಚು ಹೇಳುತ್ತದೆ.

ಔಷಧದ ಅಂಗಡಿಯಲ್ಲಿ ಸಿರಪ್ಪಿನ ಕಂಪನಿ ಬದಲಾದರೆ ಅದರ ಸಾಂದ್ರತೆಯೂ ಬದಲಾಗಿರಬಹುದು. ಚೀಟಿಯಲ್ಲಿ ಮಿಲಿಗ್ರಾಂ ಮತ್ತು ಎಂ.ಎಲ್. ಎರಡನ್ನೂ ಬರೆಯಬೇಕು. ಕಾರಣ ತಿಳಿಯದ ಚಯಾಪಚಯ ಕಾಯಿಲೆಯ ಸಂಶಯವಿದ್ದಲ್ಲಿ ವಾಲ್‌ಪ್ರೊಯೇಟ್ ಕೊಡುವ ಮುನ್ನ ತಜ್ಞರನ್ನು ಕೇಳಬೇಕು. ಕೆಲವು ಮಕ್ಕಳಲ್ಲಿ ಅದು ಯಕೃತ್ತನ್ನು ಕೆಡಿಸುತ್ತದೆ, ಅಮೋನಿಯವನ್ನು ಏರಿಸುತ್ತದೆ. ಆದರೆ ನಡೆಯುತ್ತಿರುವ ಔಷಧವನ್ನು ಯಾರೂ ತಾವಾಗಿ ನಿಲ್ಲಿಸಕೂಡದು.

9. ವಾಸಿಯಾಗದ ಕಾಯಿಲೆಯಲ್ಲೂ ಕೈಬಿಡುವ ಮಾತಿಲ್ಲ

ಡುಶೆನ್ ಸ್ನಾಯುಕ್ಷಯದ ಹುಡುಗ ಐದಾರು ವರ್ಷಕ್ಕೆ ಮೇಲಿಂದ ಮೇಲೆ ಬೀಳುತ್ತಾನೆ. ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಏರುತ್ತಾನೆ. ಮೀನಖಂಡ ದಪ್ಪಗಿರುವುದರಿಂದ ಗಟ್ಟಿಮುಟ್ಟಾಗಿದ್ದಾನೆ ಎಂದೇ ಎಲ್ಲರೂ ತಿಳಿಯುತ್ತಾರೆ. ರಕ್ತದಲ್ಲಿ ಎಸ್.ಜಿ.ಪಿ.ಟಿ. ಎಂಬ ಕಿಣ್ವ ಹೆಚ್ಚಿರುವುದನ್ನು ಕಂಡು ಯಕೃತ್ತಿನ ಚಿಕಿತ್ಸೆ ನಡೆದಿರುತ್ತದೆ. ಆ ಕಿಣ್ವ ಸ್ನಾಯುವಿನಿಂದಲೂ ಬರುತ್ತದೆ ಎಂಬುದು ನೆನಪಿದ್ದರೆ ಸಿ.ಪಿ.ಕೆ. ಪರೀಕ್ಷೆಯಿಂದ ಅಂದೇ ಸುಳಿವು ಸಿಗುತ್ತದೆ. ಸ್ಟೀರಾಯ್ಡ್ ಔಷಧ ನಡಿಗೆಯ ವರ್ಷಗಳನ್ನು ಹೆಚ್ಚಿಸುತ್ತದೆ. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ದಿನಾ ಎಳೆಸುವ ವ್ಯಾಯಾಮ, ವರ್ಷಕ್ಕೊಮ್ಮೆ ಹೃದಯದ ಎಕೋ, ಆಪರೇಷನ್ ಮುಂಚೆ ಅರಿವಳಿಕೆ ವೈದ್ಯರಿಗೆ ಕಾಯಿಲೆಯ ಹೆಸರು ಹೇಳುವುದು, ಇವೆಲ್ಲ ಇಲ್ಲೇ ಆಗುತ್ತವೆ.

ಮಾತು, ನಡಿಗೆ ಇಲ್ಲದ ಮಗುವಿಗೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಹಲ್ಲು ನೋಯುತ್ತಿದೆಯೇ, ಮಲಬದ್ಧತೆ ಇದೆಯೇ ಎಂದು ಪ್ರತಿ ಭೇಟಿಯಲ್ಲೂ ನೋಡಿ. ಮಲಗಿಸಿ ಉಣಿಸಬೇಡಿ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ಉಣಿಸಿದರೆ ನ್ಯುಮೋನಿಯಾದ ಭಯ ಕಡಿಮೆಯಾಗುತ್ತದೆ. ಲಸಿಕೆ ನಿಲ್ಲಿಸಬೇಡಿ. ಯಾವುದನ್ನಾದರೂ ಮುಂದೂಡಬೇಕಿದ್ದರೆ ತಜ್ಞರು ಬರೆದು ಕೊಡಲಿ. ಮಗುವನ್ನು ನೋಡಿಕೊಳ್ಳುವ ತಾಯಿಯ ನಿದ್ದೆ, ಊಟವನ್ನೂ ಕೇಳಿ. ಆಕೆ ಕುಸಿದರೆ ಮಗುವಿನ ಚಿಕಿತ್ಸೆಯೂ ಕುಸಿಯುತ್ತದೆ.

10. ಮುಂದಿನ ಕೂಸಿನ ಚಿಕಿತ್ಸೆ ಈ ಮಗುವಿನ ರಕ್ತದಿಂದ ಶುರುವಾಗುತ್ತದೆ

ಕಾಯಿಲೆಯ ಹೆಸರು ತಿಳಿಯದೆ ಮಗು ತೀರಿಕೊಂಡರೆ ಮುಂದಿನ ಗರ್ಭದಲ್ಲಿ ಏನನ್ನು ಹುಡುಕಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಉಳಿಯುವ ಭರವಸೆ ಕಡಿಮೆಯಾದಾಗ, ಎಷ್ಟೇ ಕಷ್ಟವಾದರೂ, ತಂದೆತಾಯಿಯ ಒಪ್ಪಿಗೆ ಪಡೆದು ಡಿಎನ್‌ಎ ಪರೀಕ್ಷೆಗಾಗಿ ರಕ್ತವನ್ನೂ ಸೋಸುಕಾಗದದ ಮೇಲೆ ಕೆಲವು ಹನಿಗಳನ್ನೂ ತೆಗೆದಿಡಬೇಕು. ಕಾಯಿಲೆಯ ವಂಶವಾಹಿ ಗೊತ್ತಿದ್ದರೆ ಮುಂದಿನ ಬಸಿರಿನಲ್ಲಿ 11ರಿಂದ 13ನೇ ವಾರದೊಳಗೇ ಮಾಸಿನ ತುಣುಕಿನಿಂದ ಪರೀಕ್ಷೆ ಮಾಡಬಹುದು. ಆನುವಂಶಿಕ ಕಾಯಿಲೆಗಾಗಿ ಇಂಥ ಪರೀಕ್ಷೆಗೆ 1994ರ ಪ್ರಸವಪೂರ್ವ ಪತ್ತೆ ಕಾಯ್ದೆಯೇ ಅವಕಾಶ ಕೊಡುತ್ತದೆ. ಲಿಂಗ ತಿಳಿಸುವುದು ಮಾತ್ರ ಅಪರಾಧ.

ಈ ಕಾಯಿಲೆಗಳಲ್ಲಿ ಬಹುಪಾಲಿನಲ್ಲಿ ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ವಂಶವಾಹಿಯ ದೋಷವಿರುವ ಪ್ರತಿ ಬಂದು ಕೂಡಿದರಷ್ಟೇ ಮಗುವಿಗೆ ಕಾಯಿಲೆ ಬರುತ್ತದೆ. ಪ್ರತಿ ಬಸಿರಿನಲ್ಲೂ ಆ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ಬಂದುಹೋಯಿತು, ಇನ್ನು ಮೂವರಿಗೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. "ಯಾರ ಕಡಿಂದ ಬಂತ್ರೀ?" ಎಂದು ಅತ್ತೆ ಕೇಳಿದಾಗ ಉತ್ತರವನ್ನು ಇಡೀ ಮನೆಯವರ ಎದುರಿಗೆ, ಸೊಸೆ ಕೇಳುವಂತೆ ಹೇಳಬೇಕು: ಇಬ್ಬರ ಕಡೆಯಿಂದಲೂ, ತಪ್ಪು ಯಾರದೂ ಅಲ್ಲ. ಡುಶೆನ್ ಥರದ ಕಾಯಿಲೆ ತಾಯಿಯ ಮೂಲಕ ಬಂದಿದ್ದರೂ ಅದು ಆಕೆ ಆರಿಸಿಕೊಂಡದ್ದಲ್ಲ. ಇಂಥ ಮಗುವಿನ ಕಾರಣಕ್ಕೆ ಹೆಣ್ಣುಮಗಳನ್ನು ತವರಿಗೆ ಕಳಿಸುವುದು ಅನ್ಯಾಯ.

ಕೊನೆಗೆ, ಎಲ್ಲಿಗೆ ಹೋಗಬೇಕು ಎಂಬುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಅವರಿಗೆ ಮಗುವನ್ನು ತಪ್ಪದೆ ತೋರಿಸಿ. ಹಾವೇರಿಯಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲಿನವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ (ಹಿಂದಿನ ಕಿಮ್ಸ್), ಹಿರೇಕೆರೂರಿನವರಿಗೆ ದಾವಣಗೆರೆ ಅಥವಾ ಶಿವಮೊಗ್ಗ ಹತ್ತಿರ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಉತ್ಕೃಷ್ಟತಾ ಕೇಂದ್ರವಾಗಿವೆ. ನೀತಿಯ ಪಟ್ಟಿಯಲ್ಲಿರುವ ಕಾಯಿಲೆಗೆ ಅಲ್ಲಿ ಹೆಸರು ನೋಂದಾಯಿಸಿದರೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಜೀವನಪೂರ್ತಿ ಬೇಕಾಗುವ ಕಿಣ್ವ ಚಿಕಿತ್ಸೆಗೆ ಆ ಹಣವೂ ಸಾಲದು, ಆದ್ದರಿಂದ ಮುಂದಿನ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ನಾಯುಕ್ಷಯ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ನ್ಯೂನತೆ ಎಲ್ಲವೂ ಸೇರಿವೆ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿ, ಅರ್ಹರಿದ್ದರೆ ನಿರಾಮಯ ಆರೋಗ್ಯ ವಿಮೆಗೂ ಅರ್ಜಿ ಹಾಕಿ.

ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟು. ಎಲ್ಲ ಚೀಟಿಗಳನ್ನೂ ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿಡಿ. ಯಾರಾದರೂ "ಏನೂ ಮಾಡೂಹಾಂಗಿಲ್ಲ" ಎಂದರೆ, ಕಾಯಿಲೆಯ ಹೆಸರೇನು, ಯಾವ ಪರೀಕ್ಷೆಯಿಂದ ಗೊತ್ತಾಯಿತು, ಮುಂದಿನ ಮಗುವಿಗೆ ಏನು ಮಾಡಬೇಕು ಎಂಬ ಮೂರು ಪ್ರಶ್ನೆ ಕೇಳಿ. ಆ ಮೂರಕ್ಕೂ ಉತ್ತರ ಸಿಗುವತನಕ ಮಗುವಿನ ಚಿಕಿತ್ಸೆ ಮುಗಿದಿಲ್ಲ.